ಕುಲಕರ್ಣಿಯವರ ಅಡುಗೆಮನೆಯ ಮೀನು

ಜಟ್ಟೆಪ್ಪನಿಗೆ ಈಜು ಬರುತ್ತಿರಲಿಲ್ಲ, ಹುಟ್ಟು ಹಾಕಲು ಬರುತ್ತಿರಲಿಲ್ಲ, ಮೀನಿನ ಬಗ್ಗೆ ಅವನಿಗೆ ತಿಳಿದಿದ್ದೆಂದರೆ ಅದು ತಿನ್ನಲು ರುಚಿ ಎಂಬುದೊಂದೇ. ಅಂಥವನನ್ನು ಸರ್ಕಾರ ಹಿಡಿದು ಮೀನುಗಾರನನ್ನಾಗಿ ಮಾಡಿತು.

ಆದದ್ದು ಹೀಗೆ. ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಅಡ್ಡಗಟ್ಟೆ ಕಟ್ಟಿದಾಗ ಹೊಳಿಕಟ್ಟಿ ಎಂಬ ಊರು ಮುಳುಗಿತು. ಹೊಲ ಇದ್ದವರಿಗೆ ಬೇರೆ ಕಡೆ ಹೊಲ ಸಿಕ್ಕಿತು. ಕೇರಿಯವರಿಗೆ ಹೊಲವೇ ಇರಲಿಲ್ಲವಲ್ಲ, ಅವರಿಗೇನು ಕೊಡುವುದು ಎಂದು ಸಾಹೇಬರುಗಳು ಮೂರು ಮೀಟಿಂಗು ಮಾಡಿದರು. ನಾಲ್ಕನೆಯದರಲ್ಲಿ ಯಾರೋ ಪುಣ್ಯಾತ್ಮ, 'ನೀರು ಬೇಕಾದಷ್ಟಿದೆಯಲ್ಲ' ಅಂದ. ಹಾಗಾಗಿ ಕುಲಕರ್ಣಿಯವರ ಮನೆಯ ಎತ್ತುಗಳನ್ನು ಇಪ್ಪತ್ತು ವರ್ಷ ಹೊಡೆದ ಜಟ್ಟೆಪ್ಪನಿಗೆ ಮೀನುಗಾರರ ಸೊಸೈಟಿಯಿಂದ ಒಂದು ದೋಣಿ, ಒಂದು ಬೀಸುಬಲೆ ಬಂತು, ಇಡೀ ಕೇರಿಗೆ ಮಂಜೂರಾದದ್ದು ಅದೊಂದೇ. ದೋಣಿಯ ಸುತ್ತ ಎರಡು ಸಲ ತಿರುಗಿ ನೋಡಿ ಅವನು ಸಾಹೇಬರಿಗೆ ಕೇಳಿದ ಮೊದಲ ಪ್ರಶ್ನೆ, "ಇದಕ್ಕ ಮಳಿಗಾಲದಾಗ ಏನ್ ಹಾಕಬೇಕ್ರಿ?" ಎಂದು.

ಮೇವು ಹಾಕಲಿಲ್ಲ, ಅದೊಂದು ಬಿಟ್ಟು ಉಳಿದ ಎಲ್ಲ ಮರ್ಯಾದೆಯನ್ನೂ ದೋಣಿಗೆ ಎತ್ತಿಗೆ ಮಾಡಿದಂತೆಯೇ ಮಾಡಿದ. ಸೋಮವಾರ ಎತ್ತು ಹೂಡುವಂತಿಲ್ಲ, ಹಾಗಾಗಿ ಸೋಮವಾರ ದೋಣಿಗೂ ಸೂಟಿ. ಕಾರಹುಣ್ಣಿಮೆಗೆ ಮೂತಿಗೆ ಗುಲಾಬಿ ಬಣ್ಣ ಬಳಿದು ಗೊಂಡೆ ಕಟ್ಟಿದ. ಹುಟ್ಟು ಹಾಕುವಾಗ ನಾಲಿಗೆಯಿಂದ ಟಕ್ ಟಕ್ ಅನ್ನುತ್ತಿದ್ದ. ದೋಣಿ ಮುಂದೆ ಹೋಗದಿದ್ದರೆ ಬೈಯುತ್ತಿದ್ದ, ಹೋದರೆ ಬೆನ್ನು ತಟ್ಟುತ್ತಿದ್ದ.

ಇದೆಲ್ಲ ನಗೆಯ ಮಾತು, ಬಿಡಿ. ದೊಡ್ಡ ಮಾತೆಂದರೆ ದಾರಿ. ನೀರಿನ ಮೇಲೆ ದೋಣಿ ಎತ್ತ ಬೇಕಾದರೂ ಹೋಗುತ್ತದೆ ಎಂಬುದು ಮೀನುಗಾರನ ಮಗನಿಗೆ ಹುಟ್ಟಿನಿಂದ ಗೊತ್ತು. ಜಟ್ಟೆಪ್ಪ ಬಂಡಿ ಹೊಡೆದವನು. ಅವನು ದೋಣಿಯನ್ನು ಮುಳುಗಿದ ಊರಿನ ಬಂಡಿಜಾಡಿನ ಮೇಲೆಯೇ ಹೊಡೆಯುತ್ತಿದ್ದ. ದಂಡೆಯಿಂದ ಹೊರಟರೆ ಅಗಸಿ ಬಾಗಿಲಿನ ತನಕ ನೇರ, ಅಲ್ಲಿಂದ ಎಡಕ್ಕೆ, ಹುಣಸೆಮರ ಇದ್ದಲ್ಲಿ ಬಲಕ್ಕೆ. ನಡುವೆ ಲಕ್ಕಪ್ಪನ ಜೋಳದ ಹೊಲ ಅಡ್ಡ ಬರುತ್ತಿತ್ತು. ಆ ಹೊಲದ ಮೇಲೆ ಈಗ ಮೂವತ್ತು ಅಡಿ ನೀರು. ಆದರೂ ಜಟ್ಟೆಪ್ಪ ಹಾಯುತ್ತಿರಲಿಲ್ಲ, ಸುತ್ತು ಹಾಕಿಕೊಂಡೇ ಹೋಗುತ್ತಿದ್ದ. ಬ್ರಾಹ್ಮಣರ ಓಣಿಯ ತುದಿಗೆ ಬಂದಾಗ ಕಾಲಿನ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಒಂದೇ ಕೈಯಲ್ಲಿ ಹುಟ್ಟು ಹಾಕುತ್ತ, ದೋಣಿ ಗರಗರ ಸುತ್ತಿದರೂ ಸರಿ, ಓಣಿ ದಾಟಿದ ಮೇಲೆಯೇ ಚಪ್ಪಲಿ ಮೆಟ್ಟುತ್ತಿದ್ದ. ಓಣಿಯ ಒಳಗಂತೂ ದೋಣಿ ಹೋದದ್ದೇ ಇಲ್ಲ.

ಇದನ್ನು ಮೊದಲು ಕಂಡುಹಿಡಿದವನು ಶಟ್ಟೆಪ್ಪ. ಸುರೇಬಾನದ ಕಡೆಯವನು, ಹೊಳೆಯಲ್ಲಿ ಮೀನು ಹಿಡಿದೇ ಬೆಳೆದವನು, ಈ ಕಡೆ ಮನೆಅಳಿಯನಾಗಿ ಬಂದವನು. ಅವನಿಗೆ ಸ್ವಂತ ದೋಣಿ ಇರಲಿಲ್ಲ. ಜಟ್ಟೆಪ್ಪನ ದೋಣಿಯ ಮೇಲೆ ಅವನ ಕಣ್ಣಿತ್ತು.

"ಏ ಜಟ್ಟೆಪ್ಪ, ಕುಡದೀಯೇನೋ? ಬಟಾಬಯಲಿನಾಗ ಹಾವಿನಂಗ ಹೊಳ್ಳಾಡಿಕೋತ ಯಾಕ ಹೊಂಟೀ?"

"ದಾರಿ ಹಿಂಗ ಐತಿ."

"ನೀರಾಗ ದಾರಿ ಎಲ್ಲಿ ಐತೋ?"

"ನಿನಗ ಕಾಣಂಗಿಲ್ಲ ಬಿಡು. ನೀ ಈ ಊರಾವಲ್ಲ."

ಎಪ್ಪತ್ತಾರರಲ್ಲಿ ಮಳೆ ಕೈಕೊಟ್ಟಿತು. ಎಪ್ಪತ್ತೇಳರ ಬೇಸಿಗೆಯ ಹೊತ್ತಿಗೆ ನೀರು ದಿನಕ್ಕೆ ಎರಡೆರಡು ಬೆರಳು ಇಳಿಯುತ್ತ ಹೋಗಿ ಊರು ಮೇಲೇಳತೊಡಗಿತು. ಮೊದಲು ಎದ್ದದ್ದು ಕೇರಿ. ಅದು ಕಲ್ಲು ದಿನ್ನೆಯ ಮೇಲಿತ್ತು. ಬಾಳುವಾಗ ಕುಡಿಯುವ ನೀರಿಗೆ ದೂರ, ಈಗ ಒಣಗುವಾಗ ಎಲ್ಲರಿಗಿಂತ ಮುಂಚೆ. ಜಟ್ಟೆಪ್ಪನ ಹೆಂಡತಿ ಲಗಮವ್ವ ಹೋಗಿ, ಕೆಸರಿನಲ್ಲಿ ಹೂತಿದ್ದ ತನ್ನ ಒರಳುಕಲ್ಲನ್ನು ಉರುಳಿಸಿಕೊಂಡು ಬಂದಳು. ಆಮೇಲೆ ಗೌಡರ ಓಣಿ ಎದ್ದಿತು, ಮಣ್ಣಿನ ಗೋಡೆಗಳು ಕರಗಿ ಬರೀ ದಿಬ್ಬಗಳಾಗಿದ್ದವು. ಬ್ರಾಹ್ಮಣರ ಓಣಿ ಮಾತ್ರ ಏಳಲಿಲ್ಲ. ಸ್ನಾನ ಸಂಧ್ಯಾವಂದನೆಗೆ ಅನುಕೂಲ ಎಂದು ಅವರ ಹಿರಿಯರು ಹೊಳೆಯ ಪಕ್ಕಕ್ಕೇ, ಎಲ್ಲಕ್ಕಿಂತ ತಗ್ಗಿನಲ್ಲಿ ಮನೆ ಕಟ್ಟಿದ್ದರು. ಇಡೀ ಜಲಾಶಯದ ಮೀನು ನೀರು ಹುಡುಕಿಕೊಂಡು ಸರಿಯುತ್ತ ಸರಿಯುತ್ತ ಆ ಓಣಿಗೆ ಬಂದು ಸೇರಿತು.

ಜಟ್ಟೆಪ್ಪನ ದೋಣಿ ಹೋಗದ ಜಾಗ ಅದೊಂದೇ. ಹೀಗಾಗಿ ಮೂರು ತಿಂಗಳು ಅವನ ಬಲೆಗೆ ಬಿದ್ದದ್ದು ಎಂಟು ಮೀನು, ಒಂದು ಆಮೆ.

ಸೊಸೈಟಿಯ ಇನ್ಸ್‌ಪೆಕ್ಟರು ಬಂದರು. ಅವರದು ಒಂದು ಛತ್ರಿ, ಒಂದು ತಕ್ಕಡಿ, ಒಂದು ದೊಡ್ಡ ಪುಸ್ತಕ. "ನೋಡಪಾ, ದೋಣಿ ಅಂದ್ರ ತೊಟ್ಟಿಲಲ್ಲ, ತೂಗಿಕೋತ ಕುಂಡ್ರಾಕ. ಬರೂ ಶನಿವಾರ ಹನ್ನೆರಡು ಗಂಟೆದೊಳಗ ಈ ತಕ್ಕಡಿ ಮ್ಯಾಲ ನಲವತ್ತು ಕಿಲೋ ಮೀನ ಬಿದ್ದರ ದೋಣಿ ನಿಂದು. ಬೀಳಲಿಲ್ಲ, ಶಟ್ಟೆಪ್ಪಂದು. ಹನ್ನೆರಡೂವರಿಗೆ ನನ್ನ ಬಸ್ ಐತಿ, ಆಮ್ಯಾಲ ಅತ್ತರ ನಾ ಇರಂಗಿಲ್ಲ."

ಶಟ್ಟೆಪ್ಪ ಆಗಲೇ ದೋಣಿಯ ಅಂಚನ್ನು ಗೇಣು ಹಾಕಿ ಅಳೆಯುತ್ತಿದ್ದ.

ಮನೆಯಲ್ಲಿ ಲಗಮವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಗಂಡನನ್ನೂ ಬಡಿದಳು. "ದೋಣಿ ಹೋದ್ರ ಎಂ.ಕೆ. ಹುಬ್ಬಳ್ಳಿಗೆ ಕಬ್ಬ ಕಡ್ಯಾಕ ಹೋಗಬೇಕ, ಗೊತ್ತೈತೇನು? ಈ ವಯಸ್ಸಿನ್ಯಾಗ ಬಗ್ಗಿದರ ಏಳಾಕ ಎರಡು ಮಂದಿ ಬೇಕು ನಿನಗ. ಮೀನ ಎಲ್ಲಿ ಅದಾವಂತ ಕೂಸಿಗೂ ಗೊತ್ತೈತಿ. ಹೋಗಿ ಹಿಡಕೊಂಡ ಬಾ."

"ಕುಲಕರ್ಣ್ಯಾರನ ಕೇಳಲಾರದ ಹೆಂಗ ಹೋಗೂದು ಅವರ ಮನ್ಯಾಗ?"

"ಮನಿ ಎಲ್ಲೈತೋ ಮಾರಾಯ! ನೀರ ಐತಿ!"

"ನೀರಿನ ಬುಡಕ್ಕ ಐತಲ್ಲ."

ಲಗಮವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಹಂಗಾರ ಕೇಳಿಕೊಂಡ ಬಾ. ಈಗ ಹೊಂಡು" ಎಂದಳು.

ಸವದತ್ತಿಯಲ್ಲಿ ಬಸ್ಸು ಬದಲಿಸಿ ಜಟ್ಟೆಪ್ಪ ಬೈಲಹೊಂಗಲ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ವೆಂಕಣ್ಣ ಕುಲಕರ್ಣಿ ಅಲ್ಲಿ ಹತ್ತಿ ವ್ಯಾಪಾರದ ಅಡತಿ ಅಂಗಡಿಯಲ್ಲಿ ಬರೆಯುವ ಕೆಲಸಕ್ಕಿದ್ದ. ಊರಿಗೆಲ್ಲ ಹೊಲದ ಉತಾರ ಬರೆದುಕೊಟ್ಟ ಮನೆತನ, ಈಗ ಮೂಗಿಗೆ ಅರಳೆ ಹೋಗಿ ದಿನವಿಡೀ ಸೀನುತ್ತಿತ್ತು. ಜಟ್ಟೆಪ್ಪನನ್ನು ಕಂಡದ್ದೇ ವೆಂಕಣ್ಣನಿಗೆ ಖುಷಿಯಾಯಿತು. ಬಾಡಿಗೆ ಮನೆಗೆ ಕರೆದೊಯ್ದು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಗ್ಲಾಸಿನಲ್ಲಿ ಚಹಾ ಕೊಡಿಸಿದ. ಆ ಗ್ಲಾಸು ಹೊಳಿಕಟ್ಟಿಯಿಂದಲೇ ಬಂದದ್ದು. ಮನೆ ಮುಳುಗಿದರೂ ಅದು ಮುಳುಗಿರಲಿಲ್ಲ.

ಜಟ್ಟೆಪ್ಪ ವಿಷಯ ಹೇಳಿದ. "ಅದಕ್ಕ ರಾಯರ, ನಿಮ್ಮ ಮನ್ಯಾಗ ಒಂದೆರಡು ಸಲ ಬಲಿ ಬೀಸ್ಲೇನ್ರಿ?"

ವೆಂಕಣ್ಣ ಸೀನಿದ. "ಅಲ್ಲೋ ಜಟ್ಟೆಪ್ಪ, ಅದು ಈಗ ನಮ್ಮ ಮನಿ..." ಎಂದು ಶುರು ಮಾಡಿ ಅಲ್ಲಿಗೇ ನಿಂತ. ನಮ್ಮದಲ್ಲ ಎಂಬ ಮಾತು ಬಾಯಿಂದ ಹೊರಡಲಿಲ್ಲ. ಈ ಐದು ವರ್ಷ ಯಾರೂ ಅವನನ್ನು ಆ ಮನೆಯ ಬಗ್ಗೆ ಅಪ್ಪಣೆ ಕೇಳಿರಲಿಲ್ಲ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಬೇಕಾದರೂ ಅವನೇ ಇನ್ನೊಬ್ಬರನ್ನು ಕೇಳಬೇಕಿತ್ತು. ಈಗ ಒಬ್ಬ ಮನುಷ್ಯ ಎರಡು ಬಸ್ಸು ಹತ್ತಿ ಅಪ್ಪಣೆ ಕೇಳಲು ಬಂದಿದ್ದಾನೆ. ವೆಂಕಣ್ಣ ಬೆನ್ನು ನೆಟ್ಟಗೆ ಮಾಡಿ ಕುಳಿತ.

"ಹಂಗ ಎಲ್ಲಾ ಕಡೆ ಬೀಸ್ಲಿಕ್ಕೆ ಬರಂಗಿಲ್ಲ. ಮೊದಲ ನೀ ಎಲ್ಲಿ ತನಕ ಬರ್ತಿದ್ದಿ?"

"ದನದ ಮನೀ ತನಕ್ರಿ. ಮುಂದಿನ ಅಂಗಳ. ಹಿತ್ತಲದಾಗ ಕುಳ್ಳಿನ ಬಣಿವಿ ತನಕ್ರಿ."

"ಹಾಂ. ಅಲ್ಲೀ ತನಕ ಬಾ. ಪಡಸಾಲಿ, ದೇವರ ಕೋಣಿ, ಅಡಗಿ ಮನಿ, ಭಾವಿ, ಈ ಕಡೆ ನೀ ಬಲೀ ಹಾಕಬಾರದು."

"ಮೀನ ಆ ಕಡೆ ಇದ್ರರಿ?"

"ಇದ್ರ ಇರ್ತಾವ. ನೀ ಮಾತ್ರ ನಿನ್ನ ಜಾಗಾದಾಗ ಇರು."

ಜಟ್ಟೆಪ್ಪನಿಗೆ ಇದು ನ್ಯಾಯವಾಗಿಯೇ ಕಂಡಿತು. ಏಳಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ವೆಂಕಣ್ಣನ ತಾಯಿ ಗಂಗೂಬಾಯಿಯ ದನಿ ಬಂತು. ಎಂಬತ್ತಕ್ಕೆ ಎರಡು ಕಡಿಮೆ, ಹಲ್ಲಿಲ್ಲ, ಆದರೆ ಕಿವಿ ಬೆಕ್ಕಿನದು.

"ಯಾರವಾ, ಜಟ್ಟೆಪ್ಪನೇನು? ನೀರು ಎಲ್ಲೀ ತನಕ ಇಳದದೋ?"

"ನಿಮ್ಮ ಮನೀ ಗ್ವಾಡಿ ತಲಿ ಮ್ಯಾಲ ಒಂದೀಟು ಐತ್ರಿ ಬಾಯಾರ. ತೊಲಿ, ಜಂತಿ ಎಲ್ಲಾ ನಾವ ಬಿಚ್ಚಿ ತಂದಿದ್ವಲ್ರಿ, ಮ್ಯಾಲ ತೆರದ ಐತಿ. ಕಲ್ಲಿನ ಗ್ವಾಡಿ ಗಟ್ಟಿ ನಿಂತಾವು."

"ನನ್ನ ಒಲೀ?"

"ಅದು ತಳದಾಗ್ರಿ, ಕಾಣಂಗಿಲ್ರಿ."

ದನಿ ಬಾಗಿಲ ಹತ್ತಿರಕ್ಕೆ ಸರಿದು ಬಂತು. ಆಮೇಲೆ, "ವೆಂಕಣ್ಣಾ, ಶನಿವಾರ ನಾನೂ ಬರ್ತೇನಿ. ಗಂಡಸರು ಗೆರಿ ಹಾಕಿದ್ರ ಯಾವತ್ತರ ನೆಟ್ಟಗ ಬಂದದೇನು? ಅಡಗಿ ಮನಿ ಎಲ್ಲಿ ಮುಗೀತದ, ದನದ ಮನಿ ಎಲ್ಲಿ ಶುರು ಆಗ್ತದ, ನಾ ತೋರಸ್ತೇನಿ."

ಶನಿವಾರ ಬೆಳಿಗ್ಗೆ ಎಂಟಕ್ಕೆ ತಾಯಿ ಮಗ ದಂಡೆಗೆ ಬಂದಿಳಿದರು. ಗಂಗೂಬಾಯಿ ಮಡಿಯ ಕೆಂಪು ಸೀರೆ ಉಟ್ಟು, ಕೈಯಲ್ಲಿ ಕೂರುವ ಮಣೆ ಹಿಡಿದಿದ್ದಳು. ದೋಣಿ ಹತ್ತಬಹುದೇ ಎಂಬ ಚರ್ಚೆಗೆ ಕಾಲು ಗಂಟೆ ಹೋಯಿತು. ಹರಿಯುವ ನೀರಿಗೆ ಮೈಲಿಗೆ ಇಲ್ಲ ಎಂದು ತಾಯಿ. ಇದು ಹರಿಯುವುದಲ್ಲ, ನಿಂತದ್ದು ಎಂದು ಮಗ.

"ಕಾಲುವಿಗೆ ಬಿಡ್ತಾರೋ ಇಲ್ಲೋ ಜಟ್ಟೆಪ್ಪ?"

"ಬಿಡ್ತಾರ್ರಿ ಬಾಯಾರ, ದಿನಾ ಬಿಡ್ತಾರ್ರಿ."

"ಹಂಗಾದ್ರ ಹರೀತದ" ಎಂದು ಮುದುಕಿ ಮಣೆಯನ್ನು ದೋಣಿಯ ನಡುವೆ ಇಟ್ಟು ಕುಳಿತೇ ಬಿಟ್ಟಳು.

ದಂಡೆಯ ಮೇಲೆ ಆಗಲೇ ಅರ್ಧ ಊರು ನೆರೆದಿತ್ತು. ಇನ್ಸ್‌ಪೆಕ್ಟರು ಛತ್ರಿಯ ಕೆಳಗೆ, ತಕ್ಕಡಿ ಕಲ್ಲಿನ ಮೇಲೆ. ಶಟ್ಟೆಪ್ಪ ಹೊಸ ಹುಟ್ಟೊಂದನ್ನು ಕೆತ್ತಿಸಿಕೊಂಡು ಬಂದಿದ್ದ. ಒಂದು ತೆಂಗಿನಕಾಯಿಯೂ ಇತ್ತು. "ಅವಸರ ಇಲ್ಲ, ಹೋಗಿ ಬಾರೋ ಜಟ್ಟೆಪ್ಪ. ಹನ್ನೆರಡಕ್ಕ ನಾ ಕಾಯಿ ಒಡಿತೇನಿ" ಎಂದ.

ಜಟ್ಟೆಪ್ಪ ತನ್ನ ಜಾಡು ಹಿಡಿದೇ ಹೊಡೆದ. ಓಣಿಯ ತುದಿಗೆ ಬಂದಾಗ ಚಪ್ಪಲಿ ಕಳಚಿದ. ಇವತ್ತು ಮುಂದೆ ದಾಟಿ ಹೋಗುವಂತಿರಲಿಲ್ಲ, ಒಳಗೆ ತಿರುಗಬೇಕಿತ್ತು. ಹುಟ್ಟು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನೀರು ಆ ಕಡೆಯೂ ಅದೇ, ಈ ಕಡೆಯೂ ಅದೇ. ಆದರೆ ತೋಳು ಬಗ್ಗಲೊಲ್ಲದು.

"ಯಾಕ ನಿಂತೀಪಾ?" ಎಂದ ವೆಂಕಣ್ಣ.

"ಏನಿಲ್ರಿ. ದೋಣಿ ಒಲ್ಲೆ ಅಂತೈತ್ರಿ."

"ಟಕ್ ಟಕ್ ಅನ್ನು, ಬರ್ತದ" ಎಂದಳು ಗಂಗೂಬಾಯಿ. ಜಟ್ಟೆಪ್ಪ ಟಕ್ ಟಕ್ ಅಂದ. ದೋಣಿ ತಿರುಗಿತು.

ಕುಲಕರ್ಣಿಯವರ ವಾಡೆಯ ಗೋಡೆಗಳ ತಲೆ ನೀರಿನ ಕೆಳಗೆ ಒಂದು ಗೇಣು ಆಳದಲ್ಲಿ ಬೆಳ್ಳಗೆ ಕಾಣುತ್ತಿದ್ದವು, ಕಾಗದದ ಮೇಲೆ ಮನೆಯ ನಕಾಶೆ ಬರೆದಂತೆ. ಗಂಗೂಬಾಯಿ ಬೆರಳು ಚಾಚಿ ಹೇಳುತ್ತ ಹೋದಳು: ಇದು ಪಡಸಾಲೆ, ಇಲ್ಲಿ ನಿಮ್ಮ ಅಪ್ಪ ನಶ್ಯ ಏರಿಸುತ್ತ ಕೂತಿರುತ್ತಿದ್ದರು, ಇದು ಬಾಣಂತಿ ಕೋಣೆ, ಆಚೆ ಸರಿ ಸರಿ, ದೇವರ ಕೋಣೆಯ ಮೇಲೆ ದೋಣಿ ತರಬೇಡ. ದನದ ಮನೆ ಬಂತು. ಜಟ್ಟೆಪ್ಪ ಬಲೆ ಬೀಸಿದ. ಬಂದದ್ದು ಒಂದು ಏಡಿ, ಒಂದು ಗೋದಲಿಯ ಗೂಟ. ಮತ್ತೆ ಬೀಸಿದ. ಇನ್ನೊಂದು ಏಡಿ. ಮುಂದಿನ ಅಂಗಳದಲ್ಲಿ ಮೂರು ಸಣ್ಣ ಮೀನು. ಕುಳ್ಳಿನ ಬಣವೆಯ ಜಾಗದಲ್ಲಿ ಬಲೆಯ ಮೂಲೆ ಹರಿದು ಗಂಟು ಹಾಕಬೇಕಾಯಿತು. ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಗದ್ದೆ ಜಟ್ಟೆಪ್ಪನ ಕಣ್ಣ ಮುಂದೆ ಬಂದು ನಿಂತಿತು.

ಆಗ ಹಿಂದಿನಿಂದ ಸಪ್ಪಳ ಕೇಳಿತು. ತೊಡೆಯ ಗಾತ್ರದ ಒಂದು ಮೀನು ನೀರಿನಿಂದ ಮೇಲಕ್ಕೆ ಜಿಗಿದು, ಬಿಸಿಲಲ್ಲಿ ಬೆಳ್ಳಿಯ ಹಾಗೆ ಹೊಳೆದು, ಧಪ್ಪೆಂದು ಬಿತ್ತು. ಅದರ ಹಿಂದೆ ಇನ್ನೊಂದು. ನಾಲ್ಕು ಗೋಡೆಯ ಒಂದು ದೊಡ್ಡ ಚೌಕದೊಳಗೆ ನೀರು ಅನ್ನದ ಎಸರಿನಂತೆ ಕುದಿಯುತ್ತಿತ್ತು.

ಗಂಗೂಬಾಯಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಅದು ನನ್ನ ಅಡಗಿ ಮನಿ ಅಲ್ಲೇನೋ?"

ವೆಂಕಣ್ಣ ಬಗ್ಗಿ ನೋಡಿ ತಲೆಯಾಡಿಸಿದ.

"ವೆಂಕಣ್ಣಾ, ಉಳ್ಳಾಗಡ್ಡಿ ಸೈತ ಒಳಗ ಬಿಟ್ಟಾಕಿ ಅಲ್ಲ ನಾ ಆ ಮನ್ಯಾಗ. ಅಲ್ಲೆ ಇವು ಏನ್ ಮಾಡ್ಲಿಕ್ಕೆ ಹತ್ಯಾವ?"

"ಅವ್ವಾ, ಮೀನು. ಅವಕ್ಕೇನು ತಿಳೀತದ."

"ತಿಳಿಸಿದ್ರ ತಿಳೀತದ. ಜಟ್ಟೆಪ್ಪಾ, ತಗೀ ಅವನ್ನ ಹೊರಗ!"

ಜಟ್ಟೆಪ್ಪ ಬಲೆಗೆ ಕೈ ಹಾಕಿದ, ಆದರೆ ಅವನು ಪ್ರಾಮಾಣಿಕ. "ಬಾಯಾರ, ನಾ ಅಡಗಿ ಮನ್ಯಾಗ ಬರಬಾರದಂತ ರಾಯರು ಹೇಳ್ಯಾರ್ರಿ."

"ಹೌದವ್ವಾ" ಎಂದ ವೆಂಕಣ್ಣ. "ಮೀನಿದ್ರೂ ಮೈಲಿಗಿ, ಇವಾ ಹೊಕ್ಕರೂ ಮೈಲಿಗಿ."

ಗಂಗೂಬಾಯಿ ಮಣೆಯ ಮೇಲೆ ಕುಳಿತು ಇದನ್ನು ಚೆನ್ನಾಗಿಯೇ ವಿಚಾರ ಮಾಡಿದಳು. ಬಾಯೊಳಗೇ ಏನೋ ಗುಣಿಸಿದಳು. ಜಟ್ಟೆಪ್ಪನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು, ಕುದಿಯುವ ನೀರನ್ನು ಒಮ್ಮೆ.

"ಇವಾ ಬಂದು ಹೋಗ್ತಾನ" ಎಂದಳು. "ಅವು ಸಂಸಾರ ಹೂಡ್ಯಾವ. ಇವಂದು ಒಂದ ದಿನದ ಮೈಲಿಗಿ, ಅವುಗಳದು ಐದು ವರ್ಷದ್ದು. ಹೋಗೋ ಒಳಗ."

ವೆಂಕಣ್ಣ ದೋಣಿಯ ಆ ತುದಿಗೆ ಸರಿದು ಕುಳಿತ. ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ಇದ್ದರೂ ಅವ್ವನ ಮುಂದೆ ಅದನ್ನು ಹೇಳಿ ಗೆದ್ದವರು ಯಾರೂ ಇರಲಿಲ್ಲ.

ದೋಣಿ ಗೋಡೆಯನ್ನು ಉಜ್ಜುತ್ತ ಒಳಗೆ ಬಂತು. ಜಟ್ಟೆಪ್ಪ ಬಲೆ ಬೀಸಿದ. ಮೊದಲ ಎಳೆತಕ್ಕೇ ಕೈ ಕಿತ್ತುಬರುವಷ್ಟು ಭಾರ. ಕಟ್ಲಾ, ರೋಹು, ಮೀಸೆ ಬಿಟ್ಟುಕೊಂಡ ಬಾಳೆಮೀನು. ಒಂದೊಂದು ದೋಣಿಗೆ ಬಿದ್ದಾಗಲೂ ಗಂಗೂಬಾಯಿ ಕಾಲು ಮೇಲಕ್ಕೆ ಎತ್ತಿಕೊಂಡು ಬೈದಳು. "ತಗೀ ಆ ಮೀಸಿ ಹೊತ್ತಾಂವನ್ನ! ಆ ಮೂಲ್ಯಾಗ ನೋಡು, ಉಪ್ಪಿನಕಾಯಿ ಭರಣಿ ಇಡೂ ಕಡೆ ಅಡಗಿದ್ದಾವು, ಕಳ್ಳರು. ಬೀಸುಕಲ್ಲಿನ ಹಿಂದ ಹಾಕು ಬಲೀ!" ಅವಳು ಹೇಳಿದ ಜಾಗದಲ್ಲೆಲ್ಲ ಮೀನಿತ್ತು. ಅರವತ್ತು ವರ್ಷ ಆಳಿದ ಕೋಣೆ, ಅದರಲ್ಲಿ ಯಾವ ಮೂಲೆಯಲ್ಲಿ ಏನು ಅಡಗುತ್ತದೆ ಎಂದು ಅವಳಿಗೆ ಬೇರೆ ಯಾರು ಹೇಳಬೇಕು? ವೆಂಕಣ್ಣ ಮೊದಲು ಕಣ್ಣು ಮುಚ್ಚಿಕೊಂಡಿದ್ದ, ಆಮೇಲೆ ಒಂದು ಕಣ್ಣು ತೆರೆದ, ಕಡೆಗೆ, "ಏ, ಅದು ತಪ್ಪಿಸಿಕೊಂಡು ಹೊಂಟತಲ್ಲೋ!" ಎಂದು ತಾನೇ ಬಲೆಯ ಹಗ್ಗಕ್ಕೆ ಕೈ ಹಾಕಿದ.

ಹನ್ನೊಂದೂವರೆಗೆ ದೋಣಿಯ ತುಂಬ ಮೀನು. "ಸಾಕ್ರಿ, ಹೋಗೂನು" ಎಂದು ಜಟ್ಟೆಪ್ಪ ಹುಟ್ಟು ಹಾಕಿದ. ದೋಣಿ ಗೋಡೆಗೆ ಬಡಿದು ನಿಂತಿತು. ಇನ್ನೊಂದು ಗೋಡೆಯ ಕಡೆ ಹೊಡೆದ. ಅಲ್ಲೂ ನಿಂತಿತು. ಬರುವಾಗ ಹಗುರಾಗಿದ್ದ ದೋಣಿ ಈಗ ಭಾರಕ್ಕೆ ಕೆಳಗೆ ಇಳಿದಿತ್ತು, ಗೋಡೆಯ ಮೇಲೆ ಇದ್ದದ್ದು ಒಂದೇ ಗೇಣು ನೀರು. ಮೂವರು ಮನುಷ್ಯರು, ಅಷ್ಟೂ ಮೀನು, ನಾಲ್ಕೂ ಕಡೆ ಕಲ್ಲು. ಅಡುಗೆಮನೆಯೊಳಗೆ ಹೊಕ್ಕ ದೋಣಿ ಹೊರಗೆ ಬರಲೊಲ್ಲದು.

"ಬಾಗಲಾ ಎಲ್ಲೈತ್ರಿ?" ಎಂದ ಜಟ್ಟೆಪ್ಪ.

"ಇಲ್ಲೇ ಅದ. ಆದ್ರ ಎರಡಾಳು ಕೆಳಗ" ಎಂದಳು ಗಂಗೂಬಾಯಿ.

ಮೀನು ಚೆಲ್ಲಿದರೆ ದೋಣಿ ದಾಟುತ್ತದೆ, ಆದರೆ ದೋಣಿ ಶಟ್ಟೆಪ್ಪನದಾಗುತ್ತದೆ. ಜಟ್ಟೆಪ್ಪ ಒಂದು ಕಾಲು ಗೋಡೆಯ ಮೇಲೆ ಇಳಿಸಿದ. ನೀರು ಹಿಮ್ಮಡಿಯ ಮೇಲೆ ಬಂತು, ಕಲ್ಲು ಗಟ್ಟಿಯಾಗಿತ್ತು. ಇನ್ನೊಂದು ಕಾಲೂ ಇಳಿಸಿದ. ದೋಣಿ ಒಂದು ಬೆರಳು ಏರಿತು. "ರಾಯರ, ನೀವೂ ಇಳೀರಿ. ಹಗ್ಗ ಹಿಡಕೊಳ್ರಿ. ನಾ ನೂಕತೇನಿ, ದಾಟಿದ ಕೂಡಲೆ ಹತ್ತೂನು."

ವೆಂಕಣ್ಣ ಧೋತರ ಮೇಲೆತ್ತಿ ಇಳಿದ. ಜಟ್ಟೆಪ್ಪ ನೂಕಿದ. ದೋಣಿ ಕರ್ರೆಂದು ಗೋಡೆ ಕೆರೆಯುತ್ತ ದಾಟಿತು. ಅದೇ ಕ್ಷಣ ವೆಂಕಣ್ಣನ ಕಾಲು ಪಾಚಿಯ ಮೇಲೆ ಜಾರಿತು. ಬೀಳುವವನು ಏನು ಹಿಡಿಯುತ್ತಾನೆ? ಸಿಕ್ಕದ್ದು ಹಿಡಿಯುತ್ತಾನೆ. ವೆಂಕಣ್ಣ ಹಗ್ಗ ಬಿಟ್ಟು ಜಟ್ಟೆಪ್ಪನ ಕೊರಳಿಗೆ ಎರಡೂ ಕೈಯಿಂದ ಜೋತುಬಿದ್ದ. ಇಬ್ಬರೂ ಅತ್ತಿತ್ತ ತೂಗಾಡಿ, ಹೇಗೋ ಸಂಬಾಳಿಸಿಕೊಂಡು ನೆಟ್ಟಗಾದರು. ಅಷ್ಟರಲ್ಲಿ ಪಡುವಣ ಗಾಳಿಗೆ ದೋಣಿ ಹತ್ತು ಮಾರು ಹೋಗಿತ್ತು. ಮಣೆಯ ಮೇಲೆ ಗಂಗೂಬಾಯಿ, ಸುತ್ತ ಒದ್ದಾಡುವ ಮೀನು.

"ಅವ್ವಾ! ಹುಟ್ಟು ಹಾಕು!"

"ನಾ ಮಡೀಲೆ ಇದ್ದೇನಿ, ಅದನ್ನ ಮುಟ್ಟಂಗಿಲ್ಲ!" ಎಂದಳು ಮುದುಕಿ. ಗಾಳಿ ಅವಳನ್ನು ದಂಡೆಯ ಕಡೆಗೇ ಒಯ್ಯುತ್ತಿತ್ತು. ಅದೂ ಬಂಡಿಜಾಡು ಗಿಂಡಿಜಾಡು ಏನೂ ನೋಡದೆ, ಲಕ್ಕಪ್ಪನ ಹೊಲದ ನಟ್ಟನಡುವೆ.

ದಂಡೆ ಅಲ್ಲಿಗೆ ಒಂದು ಕೂಗಿನ ದೂರ. ಬೇಸಿಗೆಯ ನೀರಿನ ಮೇಲೆ ಮಾತು ಹಾಸಿಗೆಯ ಮೇಲೆ ಉರುಳಿದಂತೆ ಸಲೀಸಾಗಿ ಬರುತ್ತದೆ. ಗೋಡೆಯ ಮೇಲೆ ನಿಂತ ಜಟ್ಟೆಪ್ಪನಿಗೆ ಅಲ್ಲಿಯದೆಲ್ಲ ಕೇಳುತ್ತಿತ್ತು. ದೋಣಿ ಮುಟ್ಟಿತು, ಜನ ಹೋ ಎಂದರು, ತಕ್ಕಡಿಯ ಸರಪಳಿ ಝಣಗುಟ್ಟಿತು. ಅರವತ್ತೆರಡು ಕಿಲೋ. ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಜಟ್ಟೆಪ್ಪ ಕಣ್ಣು ಮುಚ್ಚಿ ತನಗೆ ಗೊತ್ತಿದ್ದ ದೇವರಿಗೆಲ್ಲ ಕೈಮುಗಿದ.

ಆಗ ಇನ್ಸ್‌ಪೆಕ್ಟರು ಪುಸ್ತಕ ತೆರೆದರು. "ಮೀನ ಹಿಡದಾವರು ಯಾರ್ರಿ ಬಾಯಾರ?"

"ಜಟ್ಟೆಪ್ಪ."

"ಎಲ್ಲಿ ಅದಾನ ಅಂವಾ?"

"ನಮ್ಮ ಅಡಗಿ ಮನ್ಯಾಗ ಅದಾನ."

 ಜನರಲ್ಲಿ ಯಾರೋ ಮೆತ್ತಗೆ, "ಬಿಸಲು ತಲಿಗೆ ಏರೇತಿ ಪಾಪ, ನೆರಳಿಗೆ ಕುಂಡ್ರಸ್ರಿ" ಅಂದರು.

"ನನಗೇನೂ ಏರಿಲ್ಲ! ನಮ್ಮ ವೆಂಕಣ್ಣನ ಜೋಡೀನ ಅದಾನ. ಅಲ್ಲೆ ನೋಡ್ರಿ, ನಿಂತಾರ."

ಎಲ್ಲರೂ ತಿರುಗಿ ನೋಡಿದರು. ನಡುನೀರಿನಲ್ಲಿ, ಆಧಾರವೇ ಇಲ್ಲದಂತೆ, ಇಬ್ಬರು ಗಂಡಸರು ನೀರಿನ ಮೇಲೆ ನಿಂತಿದ್ದರು.

ಶಟ್ಟೆಪ್ಪ ಬಿಡಲಿಲ್ಲ. "ಸಾಹೇಬ್ರ, ದೋಣಿ ತಂದಾವರು ಬಾಯಾರು. ಜಟ್ಟೆಪ್ಪ ತಂದಿಲ್ಲ. ಮುದುಕಿ ಹೇಳಿದ್ದು ಯಾರ ಕೇಳ್ತಾರ? ಕುಲಕರ್ಣ್ಯಾರ ಅಡಗಿ ಮನ್ಯಾಗ ಜಟ್ಟೆಪ್ಪ ಅಂದ್ರ ಕತ್ತೆಗೋಳೂ ನಗತಾವು."

ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡು, ಬಾಯಿಗೆ ಕೈ ಹಿಡಿದು ಕೂಗಿದರು. "ಏ ಜಟ್ಟೆಪ್ಪಾ! ಪುಸ್ತಕದಾಗ ಹಿಡದ ಜಾಗಾ ಬರೀಬೇಕು! ಎಲ್ಲಿ ಹಿಡದಿ?"

ಇಡೀ ಹೊಳಿಕಟ್ಟಿ ದಂಡೆಯ ಮೇಲಿತ್ತು.  ಉತ್ತರ ಜಟ್ಟೆಪ್ಪನ ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಹಿಂದಕ್ಕೆ ಸರಿಯಿತು. ಬಾಯಿ ತೆರೆದಾಗ ಹೊರಟ ಮಾತೇ ಬೇರೆ.

"ದನದ ಮನ್ಯಾಗ್ರೀ!"

"ಸುಳ್ಳ ಬೊಗಳಬ್ಯಾಡೋ!" ಗಂಗೂಬಾಯಿಯ ದನಿ ನೀರಿನ ಮೇಲೆ ಚಾಟಿಯಂತೆ ಬಂತು. "ದನದ ಮನ್ಯಾಗ ಏಡಿ ಸಿಕ್ಕದ್ದು!"

"ಹಿಡದಾಂವ ಒಂದ ಹೇಳ್ತಾನ, ನೋಡಿದಾವರು ಇನ್ನೊಂದ ಹೇಳ್ತಾರ" ಎಂದರು ಇನ್ಸ್‌ಪೆಕ್ಟರು. "ಎರಡೂ ತಾಳೆ ಆಗಲಿಲ್ಲಂದ್ರ ನನಗ ಇದನ್ನ ಬರಿಯಾಕ ಬರಂಗಿಲ್ಲ. ಐದು ನಿಮಿಷ ಐತಿ."

ಶಟ್ಟೆಪ್ಪ ತೆಂಗಿನಕಾಯಿಯ ಜುಟ್ಟು ಕೀಳತೊಡಗಿದ. ಜನರ ನಡುವಿನಿಂದ ಲಗಮವ್ವ ಮೊಣಕಾಲವರೆಗೆ ನೀರಿಗೆ ಇಳಿದಳು. ಅವಳು ಕೂಗಿದ್ದು ಪಕ್ಕದೂರಿಗೂ ಕೇಳಿರಬೇಕು.

"ಏ ಮಾರಾಯಾ! ಹೊಕ್ಕದ್ದು ಹೊಕ್ಕೀ, ಹೇಳಾಕೇನ ಧಾಡಿ ನಿನಗ? ಬಾಯಿ ಬಿಡು!"

ಜಟ್ಟೆಪ್ಪ ವೆಂಕಣ್ಣನ ಮುಖ ನೋಡಿದ. ವೆಂಕಣ್ಣ ನೀರು ನೋಡುತ್ತಿದ್ದ. ಅವನ ಒಂದು ಕೈ, ಮತ್ತೆ ಜಾರೀತೆಂದು, ಇನ್ನೂ ಜಟ್ಟೆಪ್ಪನ ಹೆಗಲ ಮೇಲೆಯೇ ಇತ್ತು. ಜಟ್ಟೆಪ್ಪ ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡ.

"ಕುಲಕರ್ಣ್ಯಾರ ಅಡಗಿ ಮನ್ಯಾಗ ಹಿಡದೇನ್ರೀ! ಬೀಸುಕಲ್ಲಿನ ಹಿಂದ! ಭರಣಿ ಇಡೂ ಮೂಲ್ಯಾಗ! ನಡು ಅಡಗಿ ಮನ್ಯಾಗ್ರೀ!"

ಹೇಳಿದ ಮೇಲೆ ಗೋಡೆ ಕುಸಿಯಬಹುದು ಎಂದು ಕಾದ. ಕುಸಿಯಲಿಲ್ಲ.

"ಮನೀ ಮಾಲಕರು ಹೌದಂತಾರೇನು?" ಎಂದರು ಇನ್ಸ್‌ಪೆಕ್ಟರು.

ವೆಂಕಣ್ಣ, "ಹೌದು" ಅಂದ. ಅದು ಜಟ್ಟೆಪ್ಪನಿಗೂ ಸರಿಯಾಗಿ ಕೇಳಿಸಲಿಲ್ಲ.

"ಏನು? ಕೇಳಲಿಲ್ರಿ!"

ವೆಂಕಣ್ಣ ಒಮ್ಮೆ ಸೀನಿದ. ಆಮೇಲೆ ಮುಖ ಕೆಂಪಗಾಗಿ, ಜನಿವಾರ ಕಿವಿಗೆ ಸಿಕ್ಕಿಕೊಂಡದ್ದೂ ತಿಳಿಯದೆ, ಕೊರಳಿನ ನರ ಉಬ್ಬಿಸಿ 'ಮನೀ ಮಾಲಕ' ಎಂಬ ಮಾತಿಗೆ ಉತ್ತರ ಕೊಟ್ಟ. "ಹೌದ್ರೀ! ನಮ್ಮ ಮನೀ! ನಮ್ಮ ಅಡಗಿ ಮನೀ! ನಾನೂ ಹಗ್ಗ ಜಗ್ಗೇನಿ! ಬರಕೋರಿ!"

ಇನ್ಸ್‌ಪೆಕ್ಟರು ಬರೆದುಕೊಂಡರು. ದಂಡೆಯ ಮೇಲೆ ಕೆಲವರು ನಕ್ಕರು, ಕೆಲವರು ಬೆನ್ನು ತಿರುಗಿಸಿ ಮನೆಗೆ ಹೋದರು. ಲಗಮವ್ವ ದೋಣಿಯ ಅಂಚಿಗೆ ಅಂಗೈ ಊರಿ ನಿಂತಳು, ಇನ್ನು ಅದನ್ನು ಮುಟ್ಟುವ ಧೈರ್ಯ ಯಾರಿಗಿತ್ತು? ಶಟ್ಟೆಪ್ಪ ಅಲ್ಲೇ ಕಲ್ಲಿಗೆ ಕಾಯಿ ಒಡೆದು, ಸಿಟ್ಟಿಗೆ ತಾನೊಬ್ಬನೇ ತಿನ್ನುತ್ತ ಕುಳಿತ. ದೋಣಿ ಉಳಿಯಿತು.

ಆದರೆ ಉಳಿದ ದೋಣಿ ದಂಡೆಯಲ್ಲಿತ್ತು, ಅದರ ಒಡೆಯ ಅಡುಗೆಮನೆಯಲ್ಲಿದ್ದ. ಅದನ್ನು ಹೊಡೆದುಕೊಂಡು ಬರಲು ಗೊತ್ತಿದ್ದವನು ಶಟ್ಟೆಪ್ಪ ಒಬ್ಬನೇ, ಅವನು ಕಾಯಿ ಮುಗಿಯುವವರೆಗೆ ಏಳುವುದಿಲ್ಲ ಎಂದ. ಇನ್ಸ್‌ಪೆಕ್ಟರು ಬಸ್ಸಿಗೆ ಓಡಿದರು.

ಬಿಸಿಲು ಕಾದಿತ್ತು. ವೆಂಕಣ್ಣ ಮೊದಲು ಗೋಡೆಯ ಮೇಲೆ ಕುಳಿತು ಕಾಲು ಒಳಗಡೆ ನೀರಿಗೆ ಇಳಿಬಿಟ್ಟ. "ಕುಂಡ್ರೋ. ಎಷ್ಟೊತ್ತು ನಿಲ್ತೀ."

ಜಟ್ಟೆಪ್ಪ ಕುಳಿತ, ನಡುವೆ ಒಂದು ಮೊಳ ಬಿಟ್ಟು. ಕಾಲ ಕೆಳಗೆ ನೀರು ಹಸಿರಾಗಿ, ತಣ್ಣಗೆ ಇತ್ತು. ಬಲೆಗೆ ಸಿಗದ ಒಂದೆರಡು ಮೀನು ಬಂದು ಇಬ್ಬರ ಬೆರಳನ್ನೂ ಮುಟ್ಟಿ ನೋಡಿ ಹೋದವು. ಇಪ್ಪತ್ತು ವರ್ಷ ಆ ಮನೆಯ ದುಡಿಮೆ ಮಾಡಿದವನು, ಒಗ್ಗರಣೆಯ ವಾಸನೆ ಮಾತ್ರ ಬಲ್ಲವನು, ತಳ ಕಾಣದ ಆ ಚೌಕವನ್ನು ಬಹಳ ಹೊತ್ತು ನೋಡಿದ.

"ರಾಯರ, ಒಂದ ಮಾತು ಕೇಳ್ಲೇನ್ರಿ? ಒಳಗ ಹೆಂಗಿತ್ತರಿ ಇದು?"

ವೆಂಕಣ್ಣ ನೆನಪು ಮಾಡಿಕೊಂಡ.

"ಕತ್ತಲಿತ್ತು" ಎಂದ. "ಕಣ್ಣು ಬಿಡ್ಲಿಕ್ಕೆ ಆಗದಷ್ಟು ಹೊಗಿ. ಮತ್ತ ಅವ್ವ ಬೈತಿದ್ಲು."

"ಅಷ್ಟನರಿ?"

"ಅಷ್ಟ."